ಪಚ್ಚಿಲೆ ಲಾರ್ವಾ ವಾರದೊಳಗೆ ತಳ ಸೇರುತ್ತಿದ್ದರೆ

ತೊಟ್ಟಿಯಲ್ಲಿ ಪಚ್ಚಿಲೆ (ಸಮುದ್ರದ ಹಸಿರು ಚಿಪ್ಪಿನ ಜೀವಿ) ಮರಿ ಮಾಡಿಸುವಾಗ ಮೊಟ್ಟೆ ಸಿಗುತ್ತದೆ, ಮೊದಲ ಚಿಪ್ಪು ಮೂಡಿದ ಡಿ ಆಕಾರದ ಲಾರ್ವಾನೂ (ಈಜುವ ಎಳೆ ಮರಿ) ಬರುತ್ತದೆ, ಆದರೆ ವಾರದೊಳಗೆ ಎಲ್ಲಾ ತಳಕ್ಕೆ ಬೀಳುತ್ತವೆ, ಆಹಾರವಾಗಿ ಹಾಕುವ ಪಾಚಿ ಜಾಸ್ತಿ ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ತೊಟ್ಟಿಯ ನೀರು ಕಂದು ತಿರುಗಿದೆ ಅಂತ ನೀವೇ ಬರೆದಿದ್ದೀರಲ್ವಾ? ತಿನ್ನದೆ ಉಳಿದ ಪಾಚಿ ಕೊಳೆತರೆ ವಿಬ್ರಿಯೊ ಬ್ಯಾಕ್ಟೀರಿಯಾ ಹಬ್ಬುತ್ತದೆ. ಹಸಿವಿಗಿಂತ ಬೇಗ ಲಾರ್ವಾಗಳನ್ನು ಮುಗಿಸುವುದು ಅದು.

ಮೊದಲ ದಿನಗಳಲ್ಲಿ ಒಂದು ಮಿಲಿಲೀಟರ್‌ಗೆ 10ರಿಂದ 20 ಸಾವಿರ ಕೋಶ ಐಸೊಕ್ರೈಸಿಸ್ (ಮೆತ್ತನೆಯ ಸೂಕ್ಷ್ಮ ಪಾಚಿ) ಸಾಕು. ಗಟ್ಟಿ ಕವಚದ ಕೀಟೊಸಿರಾಸ್ ಪಾಚಿ ಆಮೇಲೆ ಸೇರಿಸಿ. ಹಳೆಯದಾಗಿ ತಳ ಕಟ್ಟಿದ ಪಾಚಿ ಕಲ್ಚರ್ (ಬೆಳೆಸಿಟ್ಟ ಪಾಚಿ ನೀರು) ಮಾತ್ರ ಹಾಕಲೇಬೇಡಿ, ರೋಗ ಅಲ್ಲಿಂದಲೇ ಬರಬಹುದು. ಲಾರ್ವಾ ಮಿಲಿಲೀಟರ್‌ಗೆ 5ರಿಂದ 10 ಇದ್ದರೆ ಸಾಕು, ಬೆಳೆದಂತೆ ಇನ್ನೂ ಕಡಿಮೆ ಮಾಡಿ. ದಿನ ಬಿಟ್ಟು ದಿನ ಪೂರ್ತಿ ನೀರು ಬದಲಿಸಿ. 40 ಮೈಕ್ರಾನ್ ಜರಡಿಯಲ್ಲಿ ಲಾರ್ವಾ ಹಿಡಿದು, ಕ್ಲೋರಿನ್ ಹಾಕಿ ತೊಳೆದು ಒಣಗಿಸಿದ ಬೇರೆ ತೊಟ್ಟಿಗೆ ಬಿಡಿ. ಹೊಸ ನೀರು 1 ಮೈಕ್ರಾನ್ ಫಿಲ್ಟರ್ ದಾಟಿ ಬರಲಿ. ಉಷ್ಣತೆ, ಉಪ್ಪಿನಂಶ ಹಳೆಯ ನೀರಿನಷ್ಟೇ ಇರಬೇಕು. ತಳದಲ್ಲಿ ಬಿದ್ದವನ್ನು ಉಳಿಸಿಕೊಳ್ಳುವ ಆಸೆ ಬಿಡಿ, ಚೆಲ್ಲಿ. ಕೈಗೆ ಬಂದದ್ದನ್ನು ಚೆಲ್ಲುವುದು ಸುಲಭ ಅಲ್ಲ, ಆದರೂ ಈಜುತ್ತಿರುವ ಸ್ವಲ್ಪವೇ ನಿಮ್ಮ ಬೆಳೆ.

ತೊಂದರೆ ಮೊಟ್ಟೆಯಿಂದಲೇ ಶುರುವಾಗಿರಲೂಬಹುದು. ಚಿಪ್ಪು ಉಜ್ಜಿ ತೊಳೆದು, ಸ್ವಲ್ಪ ಹೊತ್ತು ನೀರಿಲ್ಲದೆ ಇಟ್ಟು, ನಂತರ ಕೆಲವು ಡಿಗ್ರಿ ಬೆಚ್ಚಗಿನ ನೀರಿಗೆ ಹಾಕಿದರೆ ಬಲಿತ ಪಚ್ಚಿಲೆ ಬೀಜ (ಹೆಣ್ಣು ಮೊಟ್ಟೆ, ಗಂಡು ವೀರ್ಯ) ಬಿಡುತ್ತದೆ. ಬಿಡದಿದ್ದರೆ ಇನ್ನೂ ಬಲಿತಿಲ್ಲ ಅಂತಲೇ ಇಟ್ಟುಕೊಳ್ಳಿ. ಬಲವಂತ ಮಾಡಿ ತೆಗೆದ ಮೊಟ್ಟೆ ದಂಡ. ಬಿಡಲು ಶುರು ಮಾಡಿದ ಪ್ರತಿಯೊಂದನ್ನೂ ಬೇರೆ ಬೇರೆ ಪಾತ್ರೆಗೆ ಹಾಕಿ. ಗಂಡಿನದು ಹಾಲಿನಂಥ ನೀರು, ಹೆಣ್ಣಿನದು ಕಿತ್ತಳೆ ಬಣ್ಣದ ಕಣ. ವೀರ್ಯ ಸುಮ್ನೆ ಸುರಿಯಬೇಡಿ. ಒಂದು ಮೊಟ್ಟೆಯೊಳಗೆ ಹಲವು ವೀರ್ಯಾಣು ಹೊಕ್ಕರೆ ಭ್ರೂಣ ಕೆಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಯ ಸುತ್ತ ಬೆರಳೆಣಿಕೆಯಷ್ಟು ವೀರ್ಯಾಣು ಕಂಡರೆ ನಿಲ್ಲಿಸಿ. ಆಮೇಲೆ 20 ಮೈಕ್ರಾನ್ ಜರಡಿಯಲ್ಲಿ ಮೊಟ್ಟೆ ತೊಳೆದು ಉಳಿದ ವೀರ್ಯ ತೆಗೆಯಿರಿ.

ಬೆಚ್ಚಗಿನ ನೀರಿನಲ್ಲಿ ಎರಡು ಮೂರು ವಾರಕ್ಕೆ ಲಾರ್ವಾದಲ್ಲಿ ಕಣ್ಣಿನ ಕಪ್ಪು ಚುಕ್ಕೆ, ತೆವಳುವ ಕಾಲು ಕಾಣಿಸುತ್ತವೆ. ಆಗ ಅವು ಅಂಟಿಕೊಳ್ಳಲು ನಾರು ಬಿಟ್ಟ ಹಗ್ಗ ಇಳಿಬಿಡಿ. ಅಂಟಿದ ಮರಿಗಳೂ ಹಗ್ಗ ಬಿಟ್ಟು ತೇಲಿ ಹೋಗುತ್ತವೆ, ಹಾಗಾಗಿ ನೀರು ಹೊರಹೋಗುವ ಬಾಯಿಗೆ ಜರಡಿ ಕಟ್ಟಿ.

ಸದ್ಯಕ್ಕೆ ನಾಲ್ಕನೇ ದಿನದ ಲಾರ್ವಾ ಫೋಟೊ ಹಾಕಿ. ಹೊಟ್ಟೆ ಕಂದು ಬಣ್ಣ ಇದ್ದರೆ ತಿನ್ನುತ್ತಿವೆ ಅಂತ ಅರ್ಥ. ಖಾಲಿ ಇದ್ದರೆ ಪಾಚಿಯ ಕಲ್ಚರ್‌ನದೂ ಒಂದು ಫೋಟೊ ಬೇಕು.