ತಾಮ್ರದ ತಂತಿ ಕೊಟ್ಟರೂ ಬಲ್ಬು ಯಾಕೆ ಉರಿಯಲಿಲ್ಲ?

ಪ್ರಶ್ನೆ: ಎಂಟನೇ ಕ್ಲಾಸಿನ ಮಗ ಟಾರ್ಚಿನ ಸೆಲ್ಲು, ಸಣ್ಣ ಬಲ್ಬು, ಹಳೆ ಪಂಪಿನ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಜೋಡಿಸಿ ನೋಡಿದ. ಬಲ್ಬು ಉರಿಯಲೇ ಇಲ್ಲ. ವೋಲ್ಟೇಜು, ಕರೆಂಟು ಬೇರೆ ಬೇರೆಯಾ ಅಂತಲೂ ಕೇಳುತ್ತಾನೆ. ಏನು ಹೇಳಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ಆ ತಂತಿಯ ತುದಿ ನೋಡಿ. ಮೋಟಾರಿನ ತಂತಿ ಬರೀ ತಾಮ್ರದ ಹಾಗೆ ಕಂಡರೂ ಮೇಲೆ ತೆಳುವಾದ ವಾರ್ನಿಶ್ ಇರುತ್ತದೆ, ಅದು ಕರೆಂಟನ್ನು ಬಿಡುವುದಿಲ್ಲ. ಮರಳು ಕಾಗದದಲ್ಲಿ ತುದಿಗಳನ್ನು ಹೊಳೆಯುವ ತನಕ ಉಜ್ಜಿ. ಆಮೇಲೆ ಒಂದು ತಂತಿ ಬಲ್ಬಿನ ಅಡಿಯ ಚುಕ್ಕೆಗೆ, ಇನ್ನೊಂದು ಪಕ್ಕದ ಲೋಹಕ್ಕೆ ತಾಗಬೇಕು. ಎರಡನ್ನೂ ಅಡಿಗೇ ಹಿಡಿದರೆ ಕರೆಂಟು ಬಲ್ಬಿನೊಳಗೆ ಹೋಗುವುದೇ ಇಲ್ಲ, ಸೆಲ್ಲು ಸುಮ್ನೆ ಬಿಸಿಯಾಗುತ್ತದೆ. ಸೆಲ್ಲಿನ ಒಂದು ತುದಿಯಿಂದ ಹೊರಟು ಬಲ್ಬಿನ ಎಳೆ ಹಾದು ಇನ್ನೊಂದು ತುದಿಗೆ ವಾಪಸು ಬರುವ ದಾರಿ ಎಲ್ಲೂ ತುಂಡಾಗಬಾರದು. ಅದೇ ಸರ್ಕ್ಯೂಟು.

ವೋಲ್ಟೇಜಿಗೆ ಅಡಿಕೆ ತೋಟವನ್ನೇ ತೋರಿಸಿ. ಗುಡ್ಡದ ಮೇಲಿನ ಟ್ಯಾಂಕಿ ಎತ್ತರದಲ್ಲಿದ್ದಷ್ಟೂ ಕೆಳಗಿನ ಪೈಪಿನಲ್ಲಿ ಒತ್ತಡ ಜಾಸ್ತಿ ಅಲ್ವಾ, ವೋಲ್ಟೇಜು ಆ ಒತ್ತಡದ ಹಾಗೆ. ಸೆಕೆಂಡಿಗೆ ಎಷ್ಟು ನೀರು ಹರಿಯಿತು ಅನ್ನುವ ಹಾಗೆ ಕರೆಂಟು. ಪೈಪು ಸಪೂರ ಆದರೆ ಹರಿವು ಕಮ್ಮಿ, ಅದು ರೆಸಿಸ್ಟೆನ್ಸು. 1827ರಲ್ಲಿ ಜರ್ಮನಿಯ ಜಾರ್ಜ್ ಓಮ್ ಇದರ ಲೆಕ್ಕ ಪ್ರಕಟಿಸಿದರು: ವೋಲ್ಟೇಜನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದರೆ ಕರೆಂಟು. 1.5 ವೋಲ್ಟಿನ ಸೆಲ್ಲಿಗೆ, ಉರಿಯುವಾಗ 5 ಓಮ್ ರೆಸಿಸ್ಟೆನ್ಸು ಇರುವ ಬಲ್ಬು ಹಾಕಿದರೆ 0.3 ಆಂಪಿಯರ್ ಕರೆಂಟು.

ಮನೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಇದೆ, ಜೀವ ತೆಗೆಯುತ್ತದೆ. ಮಗನ ತಂತಿ ಅದರ ಹತ್ತಿರಕ್ಕೂ ಹೋಗಬಾರದು, ದಯವಿಟ್ಟು. ಅಂದ ಹಾಗೆ, ಬಲ್ಬು ಬಿಳಿ ಎಲ್‌ಇಡಿ ಆಗಿದ್ದರೆ ಒಂದು ಸೆಲ್ಲು ಸಾಲದು.