ಬೈಗುಳದ ಪ್ರಶ್ನೆ ಬೇರೆ, ಭಕ್ತಿಯ ಪ್ರಶ್ನೆ ಬೇರೆ

ವಿಜಯಪುರದ ಓದುಗರೊಬ್ಬರ ಪತ್ರದ ಸಾರ: ‘ನಮ್ಮೂರಿನ ಹುಡುಗರು ಸ್ಟ್ಯಾಂಡ್‌ಅಪ್ ಕಾಮಿಡಿ ಶುರು ಮಾಡಿದ್ದಾರೆ. ತಂಗಿಯ ಮಗನೂ ಇದ್ದಾನೆಂದು ನೋಡಲು ಹೋದೆ. ಮಾತಿಗೊಂದು ಬೈಗುಳ, ನಡುನಡುವೆ ಗುಡಿ, ದರ್ಗಾ, ಮಠಗಳ ಗೇಲಿ. ಈಗ ನಮ್ಮ ಸಂಘದ ಸಭಾಭವನ ಕೇಳುತ್ತಿದ್ದಾರೆ. ಕೊಡಬೇಕೇ?’

ಮಾನ್ಯರೇ,

ಕೊಡಿ. ಆದರೆ ನೀವು ಒಂದೇ ಉಸಿರಿನಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಬೇಕು.

ಮೊದಲು ಬೈಗುಳ. ಕಟ್ಟೆಯ ಮೇಲೆ ಗೆಳೆಯರ ನಡುವೆ ಅದು ಸಲಿಗೆ. ಮೈಕಿನಲ್ಲಿ ಮೊದಲ ಸಲ ಬಂದಾಗ ಜನ ಬೆಚ್ಚಿ ನಗುತ್ತಾರೆ, ಎರಡನೆಯದಕ್ಕೆ ನಗು ಅರ್ಧ, ನಾಲ್ಕನೆಯದು ಕಿವಿಗೇ ಬೀಳುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟವೆಂದರೆ, ನಗು ಜೋಕಿಗೆ ಬಂತೋ ಬೈಗುಳಕ್ಕೆ ಬಂತೋ ಹೇಳಿದವನಿಗೇ ಗೊತ್ತಾಗದೆ ಅವನ ಬರವಣಿಗೆ ನಿಂತಲ್ಲೇ ನಿಲ್ಲುತ್ತದೆ. ನಿಮ್ಮ ತಂಗಿಯ ಮಗನಿಗೆ ಹೀಗೆ ಹೇಳಿ: ಐದು ನಿಮಿಷದ ಅದೇ ಜೋಕುಗಳ ಸೆಟ್ಟನ್ನು ಒಂದು ದಿನ ಬೈಗುಳ ಇಟ್ಟು, ಇನ್ನೊಂದು ದಿನ ತೆಗೆದು ಆಡಲಿ. ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ನಗು ಎಲ್ಲೆಲ್ಲಿ ಬಿತ್ತೆಂದು ಗುರುತು ಹಾಕಲಿ. ಬೈಗುಳ ತೆಗೆದಾಗ ನಗುವೂ ಹೋದರೆ ಅಲ್ಲಿ ಜೋಕೇ ಇರಲಿಲ್ಲ. ಸಿಟ್ಟಿಗೆದ್ದ ಬಸ್ ಕಂಡಕ್ಟರನಂಥವನ ಬಾಯಲ್ಲಿ, ಪಾತ್ರದ ಮಾತಾಗಿ ಬಂದ ಬೈಗುಳ ಮಾತ್ರ ಉಳಿಯಲಿ.

ಬರೀ ಹೊಲಸು ಮಾತು ಅಶ್ಲೀಲವಾಗುವುದಿಲ್ಲವೆಂದು 2024ರ ಮಾರ್ಚ್‌ನಲ್ಲಿ ಒಂದು ವೆಬ್ ಸರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾತಿ ಹಿಡಿದು ಬೈಯುವುದಕ್ಕೆ ಈ ಮಾತು ಅನ್ವಯಿಸದು. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರೆದುರು ಜಾತಿ ಹೆಸರಿನಿಂದ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ನಮ್ಮ ಕಡೆಯ ರೂಢಿಯ ಬೈಗುಳಗಳಲ್ಲಿ ಜಾತಿಯ ಹೆಸರುಗಳು ಎಷ್ಟು ಸೇರಿಕೊಂಡಿವೆ ಎಂಬುದು ನಿಮಗೂ ಗೊತ್ತು. ಅವು ವೇದಿಕೆಗೆ ಬರಲೇಬಾರದು, ಕಾನೂನು ಇರದಿದ್ದರೂ.

ಇನ್ನು ದೇವರು. ಬಾಗಲಕೋಟೆ, ಬೆಳಗಾವಿ ಸೀಮೆಯವರು ರಾತ್ರಿಯಿಡೀ ಕೂತು ನೋಡುವ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಗೊಲ್ಲತಿ ಕೃಷ್ಣನಿಗೇ ಎದುರುತ್ತರ ಕೊಡುತ್ತಾಳೆ. ಭಕ್ತಿಯಿಂದ ಬಂದವರೇ ಹೊಟ್ಟೆ ಹಿಡಿದು ನಗುತ್ತಾರೆ. ಕಲ್ಲ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವವರನ್ನು ಬಸವಣ್ಣ ಕೆಣಕಿದ ವಚನದಲ್ಲೂ ಪೆಟ್ಟು ಬೀಳುವುದು ನಾಗರದ ಮೇಲಲ್ಲ, ಹಾಲೆರೆಯುವವರ ನಡತೆಯ ಮೇಲೆ. ಬರೆಯುವವನು ಪ್ರತಿ ಜೋಕಿನ ಪಕ್ಕದಲ್ಲಿ ‘ಇಲ್ಲಿ ಯಾರನ್ನು ನೋಡಿ ನಗಬೇಕು?’ ಎಂದು ಬರೆದುಕೊಳ್ಳಲಿ. ಉತ್ತರ ‘ಕಾಣಿಕೆ ಲೆಕ್ಕ ಮುಚ್ಚಿಡುವ ಕಮಿಟಿಯವರು’ ಎಂದಾದರೆ ಧೈರ್ಯವಾಗಿ ಹೇಳಲಿ. ‘ಆ ದೇವರನ್ನು ನಂಬುವ ಎಲ್ಲರೂ’ ಎಂದಾದರೆ ತಿದ್ದಲಿ. ಮೊದಲ ಐದು ನಿಮಿಷ ತನ್ನ ಮನೆಯ ಆಚರಣೆಯ ಬಗ್ಗೆಯೇ ಆಡಿದರೆ ಇನ್ನೂ ಒಳ್ಳೆಯದು. ಒಳಗಿನ ವಿವರ ಗೊತ್ತಿರುತ್ತದೆ, ಸಭೆಯೂ ನಂಬುತ್ತದೆ.

ಧಾರ್ಮಿಕ ಭಾವನೆಗೆ ಧಕ್ಕೆ ತರುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಡಿ (ಹಳೆಯ ದಂಡ ಸಂಹಿತೆಯ 295ಎ) ಮೂರು ವರ್ಷದವರೆಗೆ ಸಜೆಯಿದೆ. ಅದಕ್ಕೆ ಉದ್ದೇಶಪೂರ್ವಕ ದುರುದ್ದೇಶ ಇರಬೇಕೆಂದು ಸುಪ್ರೀಂ ಕೋರ್ಟ್ 1957ರಿಂದಲೂ ಹೇಳುತ್ತ ಬಂದಿದೆ. ಆದರೆ ಕಾನೂನು ಜೊತೆಗಿದೆ ಎಂದು ಹುಡುಗರು ಮೈಮರೆಯಬಾರದು. 2021ರ ಜನವರಿ 1ರಂದು ದೇವರನ್ನು ಗೇಲಿ ಮಾಡಿದ ಆರೋಪದಲ್ಲಿ ಇಂದೋರ್‌ನಲ್ಲಿ ಬಂಧಿತನಾದ ಸ್ಟ್ಯಾಂಡ್‌ಅಪ್ ಕಲಾವಿದ ಮುನವ್ವರ್ ಫಾರೂಕಿಗೆ ಸುಪ್ರೀಂ ಕೋರ್ಟಿನಿಂದ ಮಧ್ಯಂತರ ಜಾಮೀನು ಸಿಕ್ಕದ್ದು ಫೆಬ್ರವರಿ 5ಕ್ಕೆ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಇಪ್ಪತ್ತು ಸೆಕೆಂಡಿನ ತುಣುಕು ಹಿಂದುಮುಂದಿಲ್ಲದೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದಾಗಲೇ ಜಗಳ ಹೊತ್ತುವುದು ಹೆಚ್ಚು. ಆದ್ದರಿಂದ ಬಾಗಿಲಲ್ಲೇ ಫೋನು ಆಫ್ ಮಾಡಿಸಿ, ಟಿಕೆಟ್ಟಿನ ಮೇಲೆ ‘18 ಮೇಲ್ಪಟ್ಟವರಿಗೆ’ ಎಂದು ಅಚ್ಚು ಹಾಕಿಸಿ, ಇಡೀ ಕಾರ್ಯಕ್ರಮವನ್ನು ನಿಮ್ಮ ಕಡೆಯಿಂದಲೇ ರೆಕಾರ್ಡ್ ಮಾಡಿಸಿಡಿ. ಹುಡುಗರ ಬರಹವನ್ನು ಮೊದಲೇ ತರಿಸಿ ಕೆಂಪು ಗೀಟು ಹಾಕಲು ಮಾತ್ರ ಕೂರಬೇಡಿ. ನಿಮಗೆ ನೋವಾದದ್ದಿದ್ದರೆ ಆಟ ಮುಗಿದ ಮೇಲೆ ಯಾವ ಮಾತು, ಏಕೆ ಎಂದು ಹುಡುಗನಿಗೇ ಹೇಳಿ. ಮುಂದಿನ ಸಲ ಆ ಜೋಕನ್ನು ಬಿಡುವುದೋ ತಿದ್ದುವುದೋ ಅವನೇ ನಿರ್ಧರಿಸಲಿ.

— ಸಂ.