ಸೇವೆಯ ವರ್ಷ ಮುಗಿಸಿ ಮನೆಗೆ ಮರಳಿದ ವಿದ್ಯಾರ್ಥಿನಿ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ; ಗುರುತು ಸಿಗದಂತೆ ಹೆಸರನ್ನೂ ಕುಟುಂಬದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಇಲ್ಲಿ ಸುಗುಣಾ ಎಂದು ಕರೆದಿರುವ 22 ವರ್ಷದ ಯುವತಿ ಧಾರವಾಡ ಸೀಮೆಯ ಪ್ರೊಟೆಸ್ಟಂಟ್ ಕುಟುಂಬದವಳು. ಬಿ.ಎಸ್ಸಿ. ಮುಗಿಸಿ, ತನ್ನ ಸಭೆಯ, ಅಂದರೆ ಚರ್ಚಿನ, ಶಿಫಾರಸಿನ ಮೇಲೆ ಜರ್ಮನಿಗೆ ಹೋಗಿ, ಸ್ಟುಟ್‌ಗಾರ್ಟ್ ಸಮೀಪದಲ್ಲಿ ಕ್ರೈಸ್ತ ಸಂಸ್ಥೆಯೊಂದು ನಡೆಸುವ ವೃದ್ಧಾಶ್ರಮದಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ದುಡಿದು, ಆಗಸ್ಟ್ ಕೊನೆಯಲ್ಲಿ ಊರಿಗೆ ಮರಳಿದ್ದಳು. ನವೆಂಬರ್‌ನಲ್ಲಿ ತಾಯಿ ಆಕೆಯನ್ನು ನನ್ನ ಬಳಿಗೆ ಕರೆತಂದರು. ಮಗಳು ರಾತ್ರಿಯಿಡೀ ಫೋನ್ ಹಿಡಿದು ಕುಳಿತು ಬೆಳಗ್ಗೆ ತಡವಾಗಿ ಏಳುತ್ತಾಳೆ, ಭಾನುವಾರದ ಆರಾಧನೆಗೆ ಬರಲು ಒಲ್ಲೆನೆನ್ನುತ್ತಾಳೆ, ಚಿಕ್ಕಮ್ಮನೊಂದಿಗೆ ಜಗಳವಾಡುತ್ತಾಳೆ, ಸಭೆಯ ಮುಂದೆ ನಿಂತು ತನ್ನ ಬಾಳಿನಲ್ಲಿ ದೇವರು ನಡೆಸಿದ್ದನ್ನು ಸಾಕ್ಷಿಯಾಗಿ ಹೇಳೆಂದರೆ ಅಳುತ್ತಾಳೆ ಎಂಬುದು ಅವರ ದೂರು. ಪರದೇಶದ ಸುಖ ನೋಡಿ ಬಂದವಳಿಗೆ ಮನೆ ಸಣ್ಣದಾಗಿ ಕಾಣುತ್ತಿದೆ ಎಂದು ತಂದೆ ತೀರ್ಮಾನಿಸಿದ್ದರೆ, ನಂಬಿಕೆ ಸಡಿಲಗೊಂಡಿದೆ ಎಂಬ ಭಯ ತಾಯಿಯದಾಗಿತ್ತು.

ಆಕೆ ಮಾಡಿಬಂದ ಕೆಲಸ ಎಂಥದೆಂದು ತಿಳಿಯದೆ ಆಕೆಯ ಸ್ಥಿತಿ ಅರ್ಥವಾಗುವುದಿಲ್ಲ. ಯುವಜನರು ತಮ್ಮ ಬಾಳಿನ ಒಂದು ವರ್ಷವನ್ನು ರೋಗಿಗಳ ಮತ್ತು ವೃದ್ಧರ ಆರೈಕೆಗೆ ಕೊಡಬೇಕೆಂದು 1954ರಲ್ಲಿ ಬವೇರಿಯಾದ ನಾಯೆಂಡೆಟೆಲ್ಸೌ ಎಂಬಲ್ಲಿನ ಸೇವಾಸಂಸ್ಥೆಯ ಮುಖ್ಯಸ್ಥ ಹೆರ್ಮನ್ ಡೀಟ್ಸ್‌ಫೆಲ್‌ಬಿಂಗರ್ ಕರೆ ಕೊಟ್ಟರು; ಆ ಕರೆಯಿಂದ ಬೆಳೆದ ಪದ್ಧತಿಗೆ 1964ರಲ್ಲಿ ಕಾನೂನಿನ ರೂಪ ಸಿಕ್ಕಿತು. 2011ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ನಿಲ್ಲಿಸಿದಾಗ ಸರ್ಕಾರವೇ ಮತ್ತೊಂದು ಸ್ವಯಂಸೇವಾ ಯೋಜನೆಯನ್ನು ಆರಂಭಿಸಿತು. ಈಗ ಭಾರತ ಮತ್ತು ಆಫ್ರಿಕಾದ ಯುವಜನರೂ ಇಂಥ ದಾರಿಗಳಲ್ಲಿ ಅಲ್ಲಿಗೆ ಹೋಗುತ್ತಾರೆ. ಸಂಬಳವಿಲ್ಲ, ವಸತಿ, ಊಟ, ವಿಮೆ ಮತ್ತು ಕೈಖರ್ಚಿನ ಹಣ ಸಿಗುತ್ತದೆ. ಸುಗುಣಾ ಬೆಳಗಿನ ಪಾಳಿಯಲ್ಲಿ ಹಾಸಿಗೆ ಸರಿಪಡಿಸುತ್ತಿದ್ದಳು, ಮರೆವಿನ ಕಾಯಿಲೆಯವರಿಗೆ ತುತ್ತು ತಿನ್ನಿಸುತ್ತಿದ್ದಳು, ದಾದಿಯರ ಜೊತೆ ನಿಂತು ಮುದುಕರ ಮೈ ತೊಳೆಯುತ್ತಿದ್ದಳು, ಗಡ್ಡ ಹೆರೆಯುತ್ತಿದ್ದಳು, ಮಲಮೂತ್ರದ ಬಟ್ಟೆ ಬದಲಿಸುತ್ತಿದ್ದಳು.

ಈ ಕೊನೆಯ ಸಂಗತಿಗಳು ಆಕೆಯ ಮನೆಯಲ್ಲಿ ಯಾರ ಬಾಯಿಂದಲೂ ಹೊರಬಿದ್ದಿರಲಿಲ್ಲ. ಬಂಧುಗಳಿಗೆಲ್ಲ ‘ಮಗಳು ಜರ್ಮನಿಯಲ್ಲಿ ತರಬೇತಿಯಲ್ಲಿದ್ದಾಳೆ’ ಎಂದು ಹೇಳಲಾಗಿತ್ತು. ಮರಳಿದ ವಾರದಲ್ಲೇ ಆಕೆ ಉತ್ಸಾಹದಿಂದ ತನ್ನ ದಿನಚರಿಯನ್ನು ವಿವರಿಸಲು ಹೊರಟಾಗ ತಂದೆ ನಡುವೆಯೇ ತಡೆದು, “ನಿನಗ ಬಿ.ಎಸ್ಸಿ. ಕಲಿಸಿದ್ದು ಇದಕ್ಕೇನು?” ಎಂದರು, ಕಾಕಾ ಎದ್ದು ಹೊರಗೆ ಹೋದರು. ಸಭೆಯ ಹಿರಿಯರದು ಬೇರೆ ಬಗೆಯ ಆಸಕ್ತಿ. ಧಾರವಾಡಕ್ಕೆ 1837ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಪ್ರಚಾರಕ ಸಂಸ್ಥೆ ಬಂದಂದಿನಿಂದ, ಸ್ಟುಟ್‌ಗಾರ್ಟ್ ಸೇರಿದ ವ್ಯುರ್ಟೆಂಬರ್ಗ್ ನಾಡಿನ ನಂಟು ನಮ್ಮ ಸಭೆಗಳಿಗಿದೆ. ಆದ್ದರಿಂದ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ನೋಡಿದೆಯಾ, ನಿಘಂಟಿನ ಕಿಟ್ಟೆಲ್ ತೀರಿಕೊಂಡ ಟ್ಯೂಬಿಂಗನ್ ನೋಡಿದೆಯಾ ಎಂದು ಅವರೆಲ್ಲ ಪ್ರೀತಿಯಿಂದಲೇ ಕೇಳಿದರು. ಆ ಹೆಮ್ಮೆ ನನಗೂ ಇದೆ. ಆದರೆ ಆಕೆ ಯಾರ ಜೊತೆ ಬಾಳಿದಳು ಎಂಬುದನ್ನು ಒಬ್ಬರೂ ಕೇಳಲಿಲ್ಲ.

ಮೊದಲ ಭೇಟಿಗಳಲ್ಲಿ ಆಕೆ ಹವಾಮಾನ, ರೈಲು, ಶಬ್ದ, ಕಸ ಇವುಗಳ ಬಗ್ಗೆಯೇ ಮಾತನಾಡಿದಳು. ತಾಯಿಯನ್ನು ಹೊರಗೆ ಕೂರಿಸಿ, ಊರಿನ ಮಾತು ಬಿಟ್ಟು ನೀನು ಅಲ್ಲಿ ಕೈಯಾರೆ ನೋಡಿಕೊಂಡ ವ್ಯಕ್ತಿಗಳ ಬಗ್ಗೆ ಹೇಳು ಎಂದು ಕೇಳಿದ ಮೇಲೆ ನಿಜವಾದ ವಿಷಯ ಹೊರಬಂತು. ಆಕೆ ದಿನಾಲೂ ಊಟ ಮಾಡಿಸುತ್ತಿದ್ದ, ಮರಗೆಲಸ ಮಾಡಿ ನಿವೃತ್ತರಾಗಿದ್ದ ವೃದ್ಧರೊಬ್ಬರು, ಆಕೆ ಊರಿಗೆ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡಿದ್ದರು. ಮರೆವಿನಲ್ಲಿ ಅವರು ಆಕೆಯನ್ನು ತಮ್ಮ ತಂಗಿಯ ಹೆಸರಿನಿಂದ ಕರೆಯುತ್ತಿದ್ದರಂತೆ. ಸುದ್ದಿ ಬಂದ ದಿನ ಆಕೆ ಅಡುಗೆಮನೆಯಲ್ಲಿ ಅತ್ತಾಗ ಎಲ್ಲರೂ ಗಾಬರಿಗೊಂಡು ಕಾರಣ ಕೇಳಿ, ತಿಳಿದ ಮೇಲೆ ಸುಮ್ಮನಾದರು. “ಅಜ್ಜಾರು ಹೋದ್ರು ಅಂತ ಯಾರ ಮುಂದ ಹೇಳ್ಲಿ ಮೇಡಂ? ಅವರು ನಿನಗೇನಾಗಬೇಕು ಅಂತ ಕೇಳ್ತಾರ” ಎಂದು ಆಕೆ ಹೇಳಿದ ಮಾತಿನಲ್ಲೇ ಈ ಪ್ರಕರಣದ ತಿರುಳಿತ್ತು.

ಯಾವ ತೀರ್ಮಾನಕ್ಕೂ ಬರುವ ಮೊದಲು ಖಿನ್ನತೆಯ ಲಕ್ಷಣಗಳನ್ನು ಪರಿಶೀಲಿಸಿದೆ. ಹಸಿವು ಸರಿಯಿತ್ತು, ಸಾಯುವ ಆಲೋಚನೆಗಳಿರಲಿಲ್ಲ, ಇಷ್ಟದ ಕೆಲಸಗಳಲ್ಲಿ ಆಸಕ್ತಿ ಉಳಿದಿತ್ತು, ನಿದ್ರೆ ಕೆಟ್ಟಿತ್ತು. ಚಳಿಗಾಲದಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ, ಅಲ್ಲಿನ ಗೆಳತಿಯರ ಸಂಜೆಯ ಬಿಡುವಿನ ಹೊತ್ತು ಆಕೆಯ ನಡುರಾತ್ರಿಯಾಗುತ್ತಿತ್ತು. ರಕ್ತಹೀನತೆ, ಥೈರಾಯ್ಡ್ ಮತ್ತು ವಿಟಮಿನ್ ಡಿ ಪರೀಕ್ಷೆಗೆ ಕುಟುಂಬದ ವೈದ್ಯರ ಬಳಿ ಕಳುಹಿಸಿದೆ. ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆಯಷ್ಟೇ ಇರುವ ನಾಡಿನಲ್ಲಿ ವರ್ಷ ಕಳೆದವರ ಸುಸ್ತನ್ನೆಲ್ಲ ಮನಸ್ಸಿನ ಲೆಕ್ಕಕ್ಕೇ ಬರೆಯುವುದು ತಪ್ಪು. ಎರಡು ವಾರ ಬಿಡದೆ ಮಂಕುತನ ಮುಂದುವರಿದರೆ, ಅಥವಾ ಬದುಕು ಬೇಡವೆನಿಸಿದರೆ, ತಡಮಾಡದೆ ಮನೋವೈದ್ಯರನ್ನು ಕಾಣಬೇಕೆಂದೂ, ಹೊತ್ತಲ್ಲದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದೂ ತಾಯಿ-ಮಗಳಿಬ್ಬರಿಗೂ ತಿಳಿಸಿದೆ.

ಪರದೇಶದಿಂದ ಮರಳಿದವರಿಗೆ ಸ್ವಂತ ಊರೇ ಅಪರಿಚಿತವೆನಿಸುವುದು ಹೊಸ ಸಂಗತಿಯಲ್ಲ. ಹೊರನಾಡಿಗೆ ಹೋದಾಗ ಇಳಿದು ಏರುವ ಮನಸ್ಸು, ಮನೆಗೆ ಬಂದಾಗ ಮತ್ತೊಮ್ಮೆ ಇಳಿದು ಏರುತ್ತದೆಂದು ಅಮೆರಿಕದ ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದಾರೆ. ಆದರೆ ಸುಗುಣಾಳ ನೋವಿಗೆ ಹೆಚ್ಚು ಹತ್ತಿರವಾದ ವಿವರಣೆ ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ ಅವರದು. ಸತ್ತವರೊಂದಿಗಿನ ನಂಟನ್ನು ಸುತ್ತಲಿನವರು ನಂಟೆಂದೇ ಒಪ್ಪದಿದ್ದಾಗ, ಉಳಿದವರಿಗೆ ಅಳುವ ಹಕ್ಕೂ ಸಾಂತ್ವನ ಪಡೆಯುವ ಹಕ್ಕೂ ಇಲ್ಲವಾಗುತ್ತದೆ ಎಂಬುದನ್ನು ಅವರು 1989ರ ಗ್ರಂಥದಲ್ಲಿ ವಿವರಿಸಿದ್ದಾರೆ. ನಮ್ಮಲ್ಲಿ ಸಾವಿನ ಮನೆಗೆ ಹೋಗುವುದಕ್ಕೂ ದುಃಖ ಆಚರಿಸುವುದಕ್ಕೂ ರಕ್ತಸಂಬಂಧ, ನೆರೆಹೊರೆ, ಸಭೆ ಎಂಬ ಸ್ಪಷ್ಟ ಗೆರೆಗಳಿವೆ. ಕೈಯಾರೆ ಉಣಿಸಿದ ಪರದೇಶದ ಅಜ್ಜನಿಗೆ ಆ ಗೆರೆಗಳೊಳಗೆ ಸ್ಥಳವಿರಲಿಲ್ಲ. ಆದ್ದರಿಂದ ಆಕೆಗೆ ‘ಹೊಂದಿಕೊಂಡು ಹೋಗು’ ಎಂದು ಹೇಳುವುದು ನನ್ನ ಕೆಲಸವೆಂದು ನನಗೆ ಅನ್ನಿಸಲಿಲ್ಲ. ಆಕೆಯ ದುಃಖಕ್ಕೂ ಆಕೆಯ ದುಡಿಮೆಗೂ ಮನೆಯಲ್ಲಿ ಕೇಳುವ ಕಿವಿಗಳನ್ನು ಒದಗಿಸುವುದೇ ಚಿಕಿತ್ಸೆಯೆಂದು ನಿರ್ಧರಿಸಿದೆ.

ದಾರಿಯನ್ನು ಆಕೆಯೇ ತೋರಿಸಿದಳು. ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ಕ್ರಿಸ್ತನ ಆಗಮನಕಾಲ (ಅಡ್ವೆಂಟ್) ಆರಂಭವಾಗುವ ಹಿಂದಿನ ಭಾನುವಾರ, ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಆರಾಧನೆಯಲ್ಲಿ ಓದುತ್ತಾರೆ. ಪ್ರಷ್ಯಾದ ಅರಸ ಮೂರನೆಯ ಫ್ರೆಡರಿಕ್ ವಿಲಿಯಂ 1816ರಲ್ಲಿ ಜಾರಿಗೆ ತಂದ ಈ ದಿನವನ್ನು ಆಕೆ ಹಿಂದಿನ ವರ್ಷ ಆ ವೃದ್ಧಾಶ್ರಮದ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಕಂಡಿದ್ದಳು. ಈ ವರ್ಷ ಅಲ್ಲಿ ಆ ಅಜ್ಜನ ಹೆಸರು ಬರಲಿತ್ತು. ಅದೇ ಭಾನುವಾರ ಸಂಜೆ ಮನೆಯ ಕುಟುಂಬ ಪ್ರಾರ್ಥನೆಯಲ್ಲಿ ಆಕೆ ಅವರ ಹೆಸರು ಹೇಳಿ, ಅವರು ಯಾರೆಂದು ನಾಲ್ಕು ಮಾತುಗಳಲ್ಲಿ ತಿಳಿಸಿ, ದೇವರಿಗೆ ಸ್ತೋತ್ರ ಸಲ್ಲಿಸಲಿ ಎಂದು ಸೂಚಿಸಿದೆ. ಯಾರೂ ನಡುವೆ ಪ್ರಶ್ನೆ ಕೇಳಬಾರದು, ಉಪದೇಶ ಮಾಡಬಾರದು ಎಂದು ತಂದೆ-ತಾಯಿಯನ್ನು ಮೊದಲೇ ಕೇಳಿಕೊಂಡೆ. ತಂದೆ ಒಪ್ಪಿದ್ದು ಸುಲಭವಾಗಿ ಅಲ್ಲ. ಪ್ರಾರ್ಥನೆ ಮುಗಿದ ಮೇಲೆ ಅವರು, ಆ ಮನುಷ್ಯನಿಗೆ ಮಕ್ಕಳಿರಲಿಲ್ಲವೇ ಎಂದು ಮಗಳನ್ನು ಕೇಳಿದರಂತೆ. ಮೂರು ತಿಂಗಳಲ್ಲಿ ಆಕೆಯ ಕೆಲಸದ ಬಗ್ಗೆ ಆ ಮನೆಯಲ್ಲಿ ಹುಟ್ಟಿದ ಮೊದಲ ನಿಜವಾದ ಪ್ರಶ್ನೆ ಅದು.

ತಂದೆಯೊಂದಿಗೆ ನಾನು ಪ್ರತ್ಯೇಕವಾಗಿ ಮಾತನಾಡಿದೆ. ಮೈ ತೊಳೆಯುವ, ಹೊಲಸು ಬಳಿಯುವ ಕೆಲಸವನ್ನು ನಮ್ಮ ಸಮಾಜ ಯಾರ ತಲೆಗೆ ಕಟ್ಟಿದೆ ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಸಭೆಯೊಳಗೆ ಬಂದರೂ ಆ ನಾಚಿಕೆ ನಮ್ಮನ್ನು ಬಿಟ್ಟಿಲ್ಲ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು, ಗುರು ಶಿಷ್ಯರ ಕಾಲು ತೊಳೆದದ್ದನ್ನು, ವರ್ಷಕ್ಕೊಮ್ಮೆ ಭಕ್ತಿಯಿಂದ ಓದುವ ಮನೆಯಲ್ಲಿ, ಅದನ್ನೇ ಒಂದು ವರ್ಷ ಮಾಡಿಬಂದ ಮಗಳನ್ನು ಬಂಧುಗಳಿಂದ ಮುಚ್ಚಿಡುವುದು ಆಕೆಗೆ ಎಂಥ ಪೆಟ್ಟು ಕೊಟ್ಟಿರಬಹುದೆಂದು ಯೋಚಿಸಿ ಎಂದು ಅವರನ್ನು ಕೇಳಿಕೊಂಡೆ. ತಕ್ಷಣ ಎಲ್ಲರಿಗೂ ಸಾರಬೇಕಾಗಿಲ್ಲ. ‘ತರಬೇತಿ’ ಎಂಬ ಸುಳ್ಳನ್ನು ಇನ್ನು ಮುಂದೆ ಹೇಳದಿದ್ದರೆ ಸಾಕು ಎಂದೆ.

ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯ ವಿಷಯ ಬೇರೆ ತೊಡಕು. ಮಗ್ಗುಲು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂದು ಕಲಿತುಬಂದ ಸುಗುಣಾ, ವರ್ಷಗಟ್ಟಲೆ ಆ ಅಜ್ಜಿಯನ್ನು ನೋಡಿಕೊಂಡ ಚಿಕ್ಕಮ್ಮನ ಪ್ರತಿ ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದಳು. ಆಕೆ ಹೇಳುತ್ತಿದ್ದುದು ವೈದ್ಯಕೀಯವಾಗಿ ಸರಿ, ಹೇಳುವ ರೀತಿ ಸರಿಯಿಲ್ಲ. ಮೂರು ಪಾಳಿಯ ಸಿಬ್ಬಂದಿ, ಏರಿಳಿಸುವ ಮಂಚ, ಕೈಗವಸು, ಕ್ರೇನಿನಂತೆ ಎತ್ತುವ ಯಂತ್ರ ಎಲ್ಲವೂ ಇರುವ ಕಡೆ ಕಲಿತ ಅಳತೆಗೋಲಿನಿಂದ ಒಬ್ಬಂಟಿಯಾಗಿ ದುಡಿಯುವ ಹೆಂಗಸನ್ನು ಅಳೆಯುವುದು ಅನ್ಯಾಯವೆಂದು ಆಕೆಗೆ ನೇರವಾಗಿಯೇ ಹೇಳಿದೆ. ಮೊದಲು ಎರಡು ವಾರ ಒಂದೂ ಸಲಹೆ ಕೊಡದೆ ಚಿಕ್ಕಮ್ಮನ ಕೈಕೆಳಗೆ ಕೆಲಸ ಮಾಡಬೇಕು, ರಾತ್ರಿಯ ಹೊರಳಿಸುವಿಕೆಯ ಹೊಣೆಯನ್ನು ತಾನೇ ಹೊರಬೇಕು, ಆಮೇಲೆ ಬೇಕಾದರೆ ಒಂದೊಂದಾಗಿ ತೋರಿಸಿಕೊಡಬೇಕು ಎಂಬುದು ನನ್ನ ಸಲಹೆಯಾಗಿತ್ತು. ಆಕೆಯ ರಾತ್ರಿಯ ಎಚ್ಚರಕ್ಕೂ ಇದರಿಂದ ಒಂದು ಅಂಕೆ ಬಂತು: ಹತ್ತಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ ಅಜ್ಜಿಯನ್ನು ಹೊರಳಿಸಿ, ನಂತರದ ಸರದಿಯನ್ನು ತಾಯಿಗೆ ಬಿಟ್ಟು, ಫೋನನ್ನು ನಡುಮನೆಯಲ್ಲಿಟ್ಟು ಮಲಗುವುದು, ಜರ್ಮನಿಯ ಗೆಳತಿಯರ ಜೊತೆ ಮಾತು ವಾರಕ್ಕೊಂದು ದಿನ, ನಮ್ಮ ಸಂಜೆಯ ಹೊತ್ತಿಗೆ.

ಸಾಕ್ಷಿಯ ಪ್ರಶ್ನೆ ಉಳಿದಿತ್ತು. ಸುವಾರ್ತೆ ಕಳುಹಿಸಿಕೊಟ್ಟ ನಾಡಿನಲ್ಲಿ ದೇವಾಲಯಗಳು ತುಂಬಿ ತುಳುಕುತ್ತವೆಂದು ಸಭೆ ಕೇಳಬಯಸುತ್ತದೆ, ತಾನು ಕಂಡದ್ದು ಖಾಲಿ ಬೆಂಚುಗಳನ್ನು ಎಂಬುದು ಆಕೆಯ ಸಂಕಟ. ಆಕೆ ಕಂಡದ್ದು ಸುಳ್ಳಲ್ಲ. 2022ರ ಹೊತ್ತಿಗೆ ಜರ್ಮನಿಯಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಸಭೆಗಳ ಸದಸ್ಯರು ಒಟ್ಟು ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾಗಿದ್ದರು. ಆದರೆ ಜರ್ಮನಿಯ ಹೆರ್ನ್‌ಹುಟ್ ಊರಿನ ಸಹೋದರ ಸಭೆ ಎಂಬ ಪ್ರೊಟೆಸ್ಟಂಟ್ ಪಂಗಡ 1731ರಿಂದ ಪ್ರಕಟಿಸುತ್ತಾ ಬಂದಿರುವ ದಿನವಚನವನ್ನು ಪ್ರತಿ ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಓದುತ್ತಿದ್ದರೆಂದೂ, ತನ್ನ ಹೆಸರೇ ಮರೆತ ಅಜ್ಜಿಯೊಬ್ಬರು ಕರ್ತನ ಪ್ರಾರ್ಥನೆಯನ್ನು ಮಾತ್ರ ತಪ್ಪಿಲ್ಲದೆ ಹೇಳುತ್ತಿದ್ದರೆಂದೂ ಆಕೆಯೇ ನನಗೆ ಹೇಳಿದ್ದಳು. ನಂಬಿಕೆ ಕಳೆದುಕೊಂಡವಳು ಇಂಥವನ್ನು ಗಮನಿಸಿ ನೆನಪಿಡುವುದಿಲ್ಲ. ಸುಳ್ಳು ಹೇಳಲು ಮನಸ್ಸಿಲ್ಲದ್ದರಿಂದ ಆಕೆ ಆರಾಧನೆಯಿಂದ ದೂರ ಉಳಿದಿದ್ದಳು. ಸಾಕ್ಷಿ ಹೇಳುವುದನ್ನು ಮುಂದೂಡುವ ಸ್ವಾತಂತ್ರ್ಯ ಆಕೆಗಿದೆ ಎಂದು ತಾಯಿಗೆ ತಿಳಿಸಿ, ಆಕೆಯ ಅನುಮತಿಯಿಂದ ಸಭಾಪಾಲಕರನ್ನು (ಪಾಸ್ಟರನ್ನು) ಭೇಟಿಯಾದೆ.

ಸಭಾಪಾಲಕರು ಸಹೃದಯರು. ಸುವಾರ್ತೆ ಸಾರಲು ಹೋಗಿದ್ದ ಪೌಲ ಬಾರ್ನಬರು ಅಂತಿಯೋಕ್ಯಕ್ಕೆ ಮರಳಿದಾಗ ಸಭೆಯನ್ನು ಕೂಡಿಸಿ ನಡೆದದ್ದೆಲ್ಲವನ್ನೂ ವಿವರಿಸಿ ಬಹುಕಾಲ ಅಲ್ಲೇ ಉಳಿದರೆಂದು ಬೈಬಲಿನ ಅಪೊಸ್ತಲರ ಕೃತ್ಯಗಳ 14ನೆಯ ಅಧ್ಯಾಯದಲ್ಲಿದೆ ಎಂದು ಅವರೇ ನೆನಪಿಸಿದರು. ಶಿಷ್ಯರು ಸೇವೆಯಿಂದ ಬಂದು ವರದಿ ಒಪ್ಪಿಸಿದಾಗ ಯೇಸು ಮೊದಲು ಹೇಳಿದ್ದು ವಿಶ್ರಮಿಸಿಕೊಳ್ಳಿ ಎಂದು, ಮಾರ್ಕನ 6ನೆಯ ಅಧ್ಯಾಯದಲ್ಲಿ ಎಂದು ನಾನು ಸೇರಿಸಿದೆ. ಕಳುಹಿಸುವಾಗ ಬೀಳ್ಕೊಡುಗೆ, ಹಾರ, ಪ್ರಾರ್ಥನೆ ಎಲ್ಲವನ್ನೂ ಮಾಡುವ ಸಭೆಗಳು ಮರಳಿದವರಿಗೆ ಐದು ನಿಮಿಷದ ಸಾಕ್ಷಿಯ ಅವಕಾಶವನ್ನಷ್ಟೇ ಕೊಡುತ್ತವೆ. ಇದು ಬದಲಾಗಬೇಕೆಂದು ಬಲವಾಗಿ ನಂಬಿದ್ದೇನೆ. ಮರಳಿದ ಮೊದಲ ತಿಂಗಳಲ್ಲಿ ಸಭಾಪಾಲಕರೋ ಹಿರಿಯ ಹೆಂಗಸೊಬ್ಬರೋ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಅವರ ಮಾತು ಕೇಳಬೇಕು. ಸ್ಥಳಗಳ ಬಗ್ಗೆ ಅಲ್ಲ, ಜನರ ಬಗ್ಗೆ ಕೇಳಬೇಕು. ಕಷ್ಟವಾದದ್ದು ಯಾವುದು, ಸಿಟ್ಟು ಬಂದದ್ದು ಯಾವಾಗ ಎಂಬುದನ್ನೂ ಕೇಳಬೇಕು. ಸುಗುಣಾಳ ಸಭೆಯಲ್ಲಿ ಸ್ತ್ರೀಯರ ಕೂಟದವರು, ಮಲಗಿದಲ್ಲೇ ಇರುವ ಸದಸ್ಯರ ಮನೆಗಳಿಗೆ ಹೋಗುವಾಗ ಆಕೆಯನ್ನು ಜೊತೆಗೆ ಕರೆಯಲು ಒಪ್ಪಿದರು. ವೇದಿಕೆಯ ಮೇಲೆ ನಿಲ್ಲುವುದಕ್ಕಿಂತ ಇದು ಆಕೆಗೆ ಹಿತವಾಯಿತು.

ಡಿಸೆಂಬರ್ ನಡುವಿನಿಂದ ನಿದ್ರೆ ಸುಧಾರಿಸಿತು. ಚಿಕ್ಕಮ್ಮನೊಂದಿಗೆ ಮಾತುಕತೆ ಇದೆ, ಆದರೂ ಆಗಾಗ ಕಿಡಿ ಹಾರುತ್ತದೆ. ಕಾಕಾ ಮಾತ್ರ, ಜರ್ಮನಿಯಲ್ಲಿ ನರ್ಸಿಂಗ್ ತರಬೇತಿಗೆ ಹಣ ಸಿಗುತ್ತದೆಂದು ತಿಳಿದ ಮೇಲೆ, ಆಕೆಯನ್ನು ಕೂಡಲೇ ವಾಪಸ್ ಕಳುಹಿಸಬೇಕೆಂದು ಒತ್ತಾಯಿಸುತ್ತಿದ್ದಾರೆ. ತಂದೆಗೆ ಆಕೆ ಬಿ.ಎಡ್. ಮಾಡಬೇಕೆಂಬ ಆಸೆಯಿದೆ. ಮರಳಿದ ಆರು ತಿಂಗಳೊಳಗೆ ಮದುವೆ, ವಲಸೆ, ವೃತ್ತಿ ಯಾವುದನ್ನೂ ನಿರ್ಧರಿಸಬಾರದೆಂದು ಇಂಥ ಯುವಜನರಿಗೆಲ್ಲ ನಾನು ಹೇಳುತ್ತೇನೆ, ಆಕೆಗೂ ಹೇಳಿದ್ದೇನೆ. ಬೇಸಿಗೆಯ ಹೊತ್ತಿಗೆ ತಂದೆ-ತಾಯಿಯನ್ನೂ ಕೂರಿಸಿಕೊಂಡು ಈ ವಿಷಯ ಮಾತನಾಡಲು ಆಕೆ ಒಪ್ಪಿದ್ದಾಳೆ. ಅಲ್ಲಿಯವರೆಗೆ ತನ್ನ ಜರ್ಮನ್ ಭಾಷೆ ಮರೆಯದಂತೆ ಅಭ್ಯಾಸ ಮುಂದುವರಿಸುವುದಾಗಿಯೂ, ಬಿ.ಎಡ್. ಅರ್ಜಿಯ ಕೊನೆಯ ದಿನಾಂಕ ತಪ್ಪದಂತೆ ನೋಡಿಕೊಳ್ಳುವುದಾಗಿಯೂ ಹೇಳಿದ್ದಾಳೆ.